ಹೊಸಿಲಿನ ಸುಂಕ

"ಸುಂಕದವನ ಹತ್ತಿರ ಸುಖದುಃಖ ಹೇಳಿಕೊಂಡ ಹಾಗೆ" ಎಂಬ ಗಾದೆಯನ್ನು ನಮ್ಮ ತಾಯಿ ಎಲ್ಲ ಸಂದರ್ಭಗಳಿಗೂ ಉಪಯೋಗಿಸುತ್ತಿದ್ದಳು. ತರಕಾರಿಯವನು ಬೆಲೆ ಇಳಿಸದೆ ಹೋದರೂ ಅದೇ ಗಾದೆ, ಮಳೆ ಬಾರದೆ ಹೋದರೂ ಅದೇ ಗಾದೆ. ಊರ ಬಾಗಿಲಿನ ಕಟ್ಟೆಯ ಮೇಲೆ ಕುಳಿತು, ಬರುವ ಗಾಡಿಗಳನ್ನು ತಡೆದು, ಹಣವನ್ನು ಎಣಿಸಿಕೊಂಡು ಒಳಕ್ಕೆ ಬಿಡುತ್ತಿದ್ದ ಆ ಪುರಾತನ ಮನುಷ್ಯನನ್ನು ನಾನು ಕಂಡವಳಲ್ಲ. ನನಗೆ ಅವನ ಪರಿಚಯವಾದದ್ದು ನನ್ನ ಮೂವತ್ತೆರಡನೆಯ ವಯಸ್ಸಿನಲ್ಲಿ. ಅವನು ಕುಳಿತಿದ್ದ ಕಟ್ಟೆಯು ಕೆನಡಾ ದೇಶದ ಹೊಸಿಲಾಗಿದ್ದಿತು.

ಅದು 2003ನೆಯ ಇಸವಿ. ಮೈಸೂರಿನಲ್ಲಿ ಇವರು ಕೆಲಸಕ್ಕಿದ್ದ ಕಾರ್ಖಾನೆಯು ಇಂದೋ ನಾಳೆಯೋ ಎಂಬ ಸ್ಥಿತಿಗೆ ಬಂದಿದ್ದಿತು. ಕೆನಡಾ ಸರಕಾರವು ವಿದ್ಯೆ, ವಯಸ್ಸು, ಭಾಷೆ, ಅನುಭವ ಮೊದಲಾದವುಗಳಿಗೆ ಅಂಕಗಳನ್ನು ಕೊಟ್ಟು, ನೂರಕ್ಕೆ 67 ಬಂದವರಿಗೆ ಕಾಯಂ ನಿವಾಸಕ್ಕೆ ಅರ್ಹತೆಯುಂಟೆಂದು ಆ ವರ್ಷ ಗೊತ್ತುಮಾಡಿದ್ದಿತು. ಇವರು ಒಂದು ರಾತ್ರಿ ಕಾಗದ ಪೆನ್ಸಿಲು ಹಿಡಿದು ಕೂಡಿಸಿದರು. ಎಪ್ಪತ್ತೊಂದು ಬಂದಿತು. ಪರೀಕ್ಷೆಯಲ್ಲಿ ತೇರ್ಗಡೆಯಾದ ಹುಡುಗನ ಹಾಗೆ ಅವರ ಮುಖವು ಅರಳಿದುದು ನನಗೆ ಈಗಲೂ ನೆನಪಿದೆ.

ಅರ್ಜಿಯು ದೆಹಲಿಯ ಹೈಕಮಿಷನ್ ಕಚೇರಿಗೆ ಹೋಗಬೇಕು. ಜೊತೆಯಲ್ಲಿ ಅರ್ಜಿಯನ್ನು ವಿಚಾರಿಸುವ ಶುಲ್ಕ ಹೋಗಬೇಕು. ದೊಡ್ಡವರಿಗೆ ತಲೆಗೆ 550 ಡಾಲರು, ನಾಲ್ಕು ವರ್ಷದ ನಮ್ಮ ಮಗನಿಗೆ 150. ಒಂದು ಕೆನಡಾ ಡಾಲರಿಗೆ ಮೂವತ್ತೈದು ರೂಪಾಯಿಯ ಆಚೀಚೆ ನಡೆಯುತ್ತಿದ್ದ ಕಾಲ. ಇವರ ಎರಡೂವರೆ ತಿಂಗಳ ಸಂಬಳವು ಒಂದು ಡ್ರಾಫ್ಟಿನಲ್ಲಿ ಅಡಗಿತು. ಅರ್ಜಿಯು ತಿರಸ್ಕೃತವಾದರೆ ಈ ಹಣವು ಹಿಂದಿರುಗಿ ಬಾರದು. ವಿಚಾರಿಸಿದ ಶ್ರಮಕ್ಕೆ ಕೊಟ್ಟ ಕೂಲಿಯೆಂದು ಅದನ್ನು ಮರೆತುಬಿಡಬೇಕು.

ಡ್ರಾಫ್ಟು ಬರೆದುಕೊಟ್ಟ ಬ್ಯಾಂಕಿನ ಗುಮಾಸ್ತೆಯು ಹಣ ಪಡೆಯತಕ್ಕವರ ಹೆಸರಿನಲ್ಲಿ ಒಂದು ಅಕ್ಷರವನ್ನು ನುಂಗಿದ್ದನು. ನಾವೂ ನೋಡಲಿಲ್ಲ. ಎರಡು ತಿಂಗಳ ತರುವಾಯ ನಮ್ಮ ದಪ್ಪನೆಯ ಲಕೋಟೆಯು ಹೋದಂತೆಯೇ ಹಿಂದಿರುಗಿ ಬಂದಿತು. ಡ್ರಾಫ್ಟನ್ನು ರದ್ದುಗೊಳಿಸುವುದಕ್ಕೆ ಬ್ಯಾಂಕಿಗೊಂದು ಅರ್ಜಿ, ಅದಕ್ಕೊಂದು ಶುಲ್ಕ. ಹೊಸ ಡ್ರಾಫ್ಟಿಗೆ ಮತ್ತೊಂದು ಶುಲ್ಕ. ಆ ಗುಮಾಸ್ತೆಯು, "ಒಂದಕ್ಷರಕ್ಕೆ ಇಷ್ಟೇಕೆ ಗಲಾಟೆ ಮಾಡುತ್ತೀರಮ್ಮ?" ಎಂದನು. ಆ ಅಕ್ಷರದ ಬೆಲೆ ನಮಗೆ ಸರದಿಯಲ್ಲಿ ಎರಡು ತಿಂಗಳು ಎಂಬುದನ್ನು ಅವನಿಗೆ ಹೇಗೆ ತಿಳಿಸುವುದು? ಅಂದಿನಿಂದ ಇಂದಿನವರೆಗೆ ಸರಕಾರಕ್ಕೆ ಕಟ್ಟಿದ ಯಾವ ಹಣದ ರಶೀದಿಯನ್ನೂ ನಾನು ಮೂರು ಸಲ ಓದದೆ ಪೆಟ್ಟಿಗೆಯಲ್ಲಿ ಇಡುವುದಿಲ್ಲ. ಇವರು ನಗುತ್ತಾರೆ, ನಗಲಿ.

ಸುಮಾರು ಎರಡು ವರ್ಷ ಯಾವ ಸುದ್ದಿಯೂ ಇಲ್ಲ. 2006ರ ಜನವರಿಯಲ್ಲಿ ಕಾಗದ ಬಂದಿತು. ವೈದ್ಯಪರೀಕ್ಷೆ ಮಾಡಿಸಿಕೊಳ್ಳಿ, ಕಾಯಂ ನಿವಾಸದ ಹಕ್ಕಿನ ಶುಲ್ಕವನ್ನು ಕಳುಹಿಸಿ ಎಂದು ಅದರಲ್ಲಿ ಬರೆದಿದ್ದಿತು. ತಲೆಗೆ 975 ಡಾಲರು. ಮಗನಿಗೆ ಮಾತ್ರ ವಿನಾಯಿತಿ. ಅವಲಂಬಿತರಾದ ಮಕ್ಕಳಿಂದ ಈ ಹಣವನ್ನು ತೆಗೆದುಕೊಳ್ಳುವುದಿಲ್ಲ. ನಮ್ಮಿಬ್ಬರದು ಸೇರಿ ಎಪ್ಪತ್ತೈದು ಸಾವಿರ ರೂಪಾಯಿಯಷ್ಟಾಯಿತು.

ಈ ಎರಡನೆಯ ಶುಲ್ಕದ ಕಥೆಯನ್ನು ಸ್ವಲ್ಪ ಹೇಳಬೇಕು. 1995ರ ಆಯವ್ಯಯದಲ್ಲಿ ಪಾಲ್ ಮಾರ್ಟಿನ್ ಎಂಬ ಅರ್ಥಮಂತ್ರಿಯು ಇದನ್ನು ತಂದನು. ಆಗ ಆ ದೇಶದ ಬೊಕ್ಕಸದಲ್ಲಿ ಕೊರತೆಯು ವಿಪರೀತವಾಗಿದ್ದಿತು. ಹೊಸದಾಗಿ ಬರುವವರು ಭಾಷೆ ಕಲಿತು ನೆಲೆನಿಲ್ಲುವುದಕ್ಕೆ ತಗಲುವ ವೆಚ್ಚದಲ್ಲಿ ಅವರೂ ಒಂದು ಪಾಲನ್ನು ಹೊರಲಿ ಎಂಬುದು ಸರಕಾರದ ವಾದ. ಮೊದಲು ಇದಕ್ಕೆ ಇಳಿಯುವ ಹಕ್ಕಿನ ಶುಲ್ಕವೆಂದು ಹೆಸರಿದ್ದಿತು. ದೇಶ ಬಿಟ್ಟು ಓಡಿಬಂದ ನಿರಾಶ್ರಿತರಿಂದಲೂ ಇದನ್ನು ವಸೂಲು ಮಾಡುತ್ತಿದ್ದರು. 2000ದಲ್ಲಿ ಅವರನ್ನು ಮಾತ್ರ ಬಿಟ್ಟರು. ಈ ಹಣಕ್ಕೆ ಒಂದು ಗುಣವುಂಟು. ಅರ್ಜಿ ತಿರಸ್ಕೃತವಾದರೆ, ಅಥವಾ ಕಾಯಂ ನಿವಾಸಿಯಾಗುವ ಮೊದಲು ನಾವೇ ಬೇಡವೆಂದು ಹಿಂದೆಗೆದುಕೊಂಡರೆ, ಇದು ಪೂರ್ತಿಯಾಗಿ ಹಿಂದಿರುಗುತ್ತದೆ. ಮೊದಲನೆಯದು ಬಾಗಿಲು ತಟ್ಟಿದ್ದಕ್ಕೆ, ಎರಡನೆಯದು ಹೊಸಿಲು ದಾಟುವುದಕ್ಕೆ.

ಇದನ್ನೆಲ್ಲ ಅಮ್ಮನಿಗೆ ಬಿಡಿಸಿ ಹೇಳಿದೆನು. ಅವಳು ಅವರೆಕಾಯಿ ಸುಲಿಯುತ್ತಿದ್ದವಳು ತಲೆಯೆತ್ತದೆ, "ಜಾತಕ ನೋಡಿದ ಜೋಯಿಸನಿಗೂ ದಕ್ಷಿಣೆ, ಧಾರೆ ಎರೆಸಿದ ಪುರೋಹಿತನಿಗೂ ದಕ್ಷಿಣೆ. ಅದರಲ್ಲೇನು ಹೊಸದು? ದುಡ್ಡಿಗೇನು ಮಾಡುತ್ತೀರಿ ಅದನ್ನು ಹೇಳು" ಎಂದಳು.

ಹಣವಿರಲಿಲ್ಲವೆಂದಲ್ಲ. ನಿವೇಶನವನ್ನು ಮಾರಿದ ಹಣ ಬ್ಯಾಂಕಿನಲ್ಲಿದ್ದಿತು. ಆದರೆ ಅದನ್ನು ಮುಟ್ಟುವಂತಿರಲಿಲ್ಲ. ಅಲ್ಲಿಗೆ ಹೋಗಿ ಕೆಲಸ ಸಿಕ್ಕುವವರೆಗೆ ಜೀವನಕ್ಕೆ ಸಾಕಾಗುವಷ್ಟು ಹಣವು ನಮ್ಮಲ್ಲಿದೆಯೆಂದು ಸರಕಾರಕ್ಕೆ ತೋರಿಸಬೇಕು. ಅದರಲ್ಲಿ ತೆಗೆದು ಶುಲ್ಕ ಕಟ್ಟಿದರೆ ತೋರಿಸುವ ಮೊತ್ತಕ್ಕೆ ಕೊರತೆ. ಕಟ್ಟದಿದ್ದರೆ ಹೊರಡುವುದಕ್ಕೇ ಅಡ್ಡಿ. ಇವರು ತಮ್ಮ ಭವಿಷ್ಯನಿಧಿಯಿಂದ ಒಂದಷ್ಟು ತೆಗೆದರು. ಇನ್ನೂ ಮೂವತ್ತು ಸಾವಿರ ಬೇಕಾಗಿದ್ದಿತು.

ಮರುದಿನ ಮಧ್ಯಾಹ್ನ ಅಮ್ಮ ಸೀರೆ ಬದಲಾಯಿಸಿಕೊಂಡು ಎಲ್ಲಿಗೋ ಹೊರಟಳು. ಸಂಜೆ ಬಂದು ನನ್ನ ಕೈಯಲ್ಲಿ ಒಂದು ಕಾಗದದ ಪೊಟ್ಟಣವನ್ನಿಟ್ಟಳು. ಅವಳ ಕೈಗಳೆರಡೂ ಬರಿದಾಗಿದ್ದುವು. ತಂದೆಯವರು ಮದುವೆಯಲ್ಲಿ ಹಾಕಿದ ನಾಲ್ಕು ಬಳೆಗಳು ಅವು, ತಲಾ ಹನ್ನೆರಡೂವರೆ ಗ್ರಾಮಿನವು. ನಾಲ್ಕನ್ನೂ ಗಿರವಿ ಇಟ್ಟು ಬಂದಿದ್ದಳು. ತಂದೆಯವರು ಪತ್ರಿಕೆಯ ಹಿಂದೆ ಮುಖವನ್ನು ಮರೆಮಾಡಿಕೊಂಡಿದ್ದರು. ನಾನು ಅತ್ತೆನು. ಅಮ್ಮ, "ಗಿರವಿ ಇಟ್ಟದ್ದು ಮಾರಿದ ಹಾಗಲ್ಲವೇ ಹುಚ್ಚಿ" ಎಂದು ಗದರಿದಳು. ಆ ರಾತ್ರಿ ತಂಬಿಗೆಯನ್ನೆತ್ತುವಾಗ ಸದ್ದು ಬಾರದಿದ್ದುದಕ್ಕೆ ಅವಳೇ ಒಂದು ಸಲ ಬೆಚ್ಚಿ ತನ್ನ ಕೈಯನ್ನು ನೋಡಿಕೊಂಡುದನ್ನು ನಾನು ಕಂಡೆನು.

ಡ್ರಾಫ್ಟು ಫೆಬ್ರವರಿಯಲ್ಲಿ ಹೋಯಿತು. ಮೇ 2ನೆಯ ತಾರೀಖು ಆ ದೇಶದ ಹೊಸ ಸರಕಾರವು ತನ್ನ ಮೊದಲ ಆಯವ್ಯಯದಲ್ಲಿ ಈ ಶುಲ್ಕವನ್ನು 975ರಿಂದ 490ಕ್ಕೆ ಇಳಿಸಿತು! ಸುದ್ದಿಯನ್ನು ಇವರು ಓದಿ ಹೇಳಿದಾಗ, ಜಾತ್ರೆಯಲ್ಲಿ ದುಬಾರಿ ಬೆಲೆ ಕೊಟ್ಟು ಕೊಂಡ ಪದಾರ್ಥವು ಪಕ್ಕದ ಅಂಗಡಿಯಲ್ಲಿ ಅರ್ಧಕ್ಕೆ ದೊರೆಯುತ್ತಿರುವುದನ್ನು ಕಂಡ ಹಾಗಾಯಿತು ನನಗೆ. ಆದರೆ ಕಟ್ಟಿಯೂ ಇನ್ನೂ ಕಾಯಂ ನಿವಾಸಿಗಳಾಗದೆ ಇದ್ದವರಿಗೆ ವ್ಯತ್ಯಾಸದ 485 ಡಾಲರು ಹಿಂದಕ್ಕೆ ಬರುವುದೆಂದು ತಿಳಿದು ಸಮಾಧಾನವಾಯಿತು. ನಾವು ಇಳಿದದ್ದು ಆಗಸ್ಟಿನಲ್ಲಿ. ಆದುದರಿಂದ ಆ ಲೆಕ್ಕಕ್ಕೆ ಸೇರಿದೆವು.

ಅದೇ ಜೂನ್ ತಿಂಗಳಲ್ಲಿ, ನಾವು ಸಾಮಾನು ಕಟ್ಟುತ್ತಿದ್ದಾಗ, ಇನ್ನೊಂದು ಸುದ್ದಿ ಬಂದಿದ್ದಿತು. 22ನೆಯ ತಾರೀಖು ಅಲ್ಲಿಯ ಪ್ರಧಾನಿಯಾಗಿದ್ದ ಸ್ಟೀಫನ್ ಹಾರ್ಪರ್ ಪಾರ್ಲಿಮೆಂಟಿನಲ್ಲಿ ಎದ್ದುನಿಂತು ಚೀನೀಯರ ಕ್ಷಮೆಯನ್ನು ಬೇಡಿದನು. ಏತಕ್ಕೆಂದು ಆಗ ನಾನು ಗಮನಿಸಲಿಲ್ಲ. ಉಪ್ಪಿನಕಾಯಿಯ ಭರಣಿಯನ್ನು ಹೇಗೆ ಕಟ್ಟಬೇಕೆಂಬ ಚಿಂತೆಯಲ್ಲಿದ್ದೆನು. ಅಲ್ಲಿಗೆ ಹೋದ ಮೇಲೆ, ಚಳಿಗೆ ಹೆದರಿ ಮಿಸಿಸಾಗಾ ಪಟ್ಟಣದ ಗ್ರಂಥಾಲಯದಲ್ಲಿ ದಿನ ಕಳೆಯುತ್ತಿದ್ದಾಗ ಓದಿಕೊಂಡೆನು. ಪೂರ್ವದಿಂದ ಪಶ್ಚಿಮ ಸಮುದ್ರದವರೆಗಿನ ರೈಲುಹಾದಿಯನ್ನು ಹಾಸುವುದಕ್ಕೆ ಚೀನೀಯರ ಕೂಲಿ ಬೇಕಾಗಿದ್ದಿತು. 1885ರಲ್ಲಿ ಹಾದಿ ಮುಗಿಯಿತು; ಅದೇ ವರ್ಷ ಚೀನೀಯರ ಮೇಲೆ 50 ಡಾಲರಿನ ತಲೆಗಂದಾಯವನ್ನು ಹೇರಿದರು. ಅದು 1900ರಲ್ಲಿ ನೂರಾಯಿತು. 1903ರಲ್ಲಿ ಐನೂರಾಯಿತು, ಕೂಲಿಯವನಿಗೆ ಅದು ಸುಮಾರು ಎರಡು ವರ್ಷದ ದುಡಿಮೆ. ಬಂದವನು ಹೆಂಡತಿಯನ್ನು ಕರೆಸಿಕೊಳ್ಳಲಾರದೆ ಒಂಟಿಯಾಗಿ ಮುದುಕನಾದನು. 1923ರಲ್ಲಿ ಆ ತೆರಿಗೆಯನ್ನು ತೆಗೆದುಹಾಕಿದರು. ಏಕೆಂದರೆ ಚೀನೀಯರು ಬರುವುದನ್ನೇ ಬಹುಮಟ್ಟಿಗೆ ನಿಲ್ಲಿಸಿದರು. ಆ ಕಾನೂನು 1947ರವರೆಗೆ ನಡೆಯಿತು. ತೆರಿಗೆಯಿಂದ ಸರಕಾರಕ್ಕೆ ಬಂದದ್ದು ಸುಮಾರು 2 ಕೋಟಿ 30 ಲಕ್ಷ ಡಾಲರು.

ನಮ್ಮವರಿಗೆ ಬೇರೊಂದು ಉಪಾಯವನ್ನು ಹೂಡಿದ್ದರು. ಹಿಂದೂಸ್ಥಾನದವರು ಅದೇ ಚಕ್ರವರ್ತಿಯ ಪ್ರಜೆಗಳಾದುದರಿಂದ ತಲೆಗಂದಾಯ ಹಾಕುವುದಕ್ಕೆ ಸಂಕೋಚ. ಅದಕ್ಕಾಗಿ 1908ರಲ್ಲಿ ಎರಡು ಕಟ್ಟಳೆಗಳನ್ನು ಮಾಡಿದರು. ಒಂದು, ತಾಯ್ನಾಡಿನಿಂದ ಎಲ್ಲಿಯೂ ನಿಲ್ಲದೆ ಒಂದೇ ಪ್ರಯಾಣದಲ್ಲಿ ಬರಬೇಕು. ಅಂತಹ ಹಡಗಿನ ಅನುಕೂಲವೋ ಇರಲಿಲ್ಲ. ಎರಡು, ಇಳಿಯುವವನ ಕೈಯಲ್ಲಿ 200 ಡಾಲರಿರಬೇಕು. 1914ರಲ್ಲಿ ಕೊಮಗಾತ ಮಾರು ಹಡಗು 376 ಜನರನ್ನು ಹೊತ್ತು ವ್ಯಾಂಕೂವರಿಗೆ ಹೋಗಿ, ಎರಡು ತಿಂಗಳು ದಡದ ಕಣ್ಣೆದುರಿಗೇ ನಿಂತು, ಕೆಲವರನ್ನುಳಿದು ಮಿಕ್ಕವರೆಲ್ಲರನ್ನೂ ಹಿಂದಕ್ಕೆ ತರಬೇಕಾಯಿತು. ಆ ತಪ್ಪಿಗೂ 2016ರಲ್ಲಿ ಪಾರ್ಲಿಮೆಂಟಿನಲ್ಲಿ ಕ್ಷಮೆ ಕೇಳಿದರು. ಆ 200 ಡಾಲರಿನ ವಿಷಯವನ್ನೋದುವಾಗ ನನಗೆ ಬ್ಯಾಂಕಿನಲ್ಲಿ ಮುಟ್ಟದೆ ಇಟ್ಟಿದ್ದ ನಮ್ಮ ನಿವೇಶನದ ಹಣವೂ ಅಮ್ಮನ ಬರಿಗೈಯೂ ನೆನಪಿಗೆ ಬಂದುವು.

1995ರ ಶುಲ್ಕ ಬಂದಾಗ ಅದನ್ನು ವಿರೋಧಿಸಿದವರು ಹೊಸ ತಲೆಗಂದಾಯವೆಂದು ಕರೆದರಂತೆ. ನನಗೆ ಅದು ಪೂರ್ತಿಯಾಗಿ ಒಪ್ಪಿಗೆಯಿಲ್ಲ. ಹಳೆಯದು ಮುಖವನ್ನು ನೋಡಿ ಹಾಕಿದ ತೆರಿಗೆ, ಬಾರದಿರಲಿ ಎಂದು ಹಾಕಿದ್ದು. ಇದು ಇಂಗ್ಲೆಂಡಿನಿಂದ ಬಂದವನಿಗೂ ಒಂದೇ, ಮೈಸೂರಿನಿಂದ ಬಂದವನಿಗೂ ಒಂದೇ. ಆದರೆ ಒಂದೇ ಎಂಬ ಮಾತನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಇಂಗ್ಲೆಂಡಿನವನಿಗೆ ಅದು ಒಂದು ವಾರದ ಸಂಬಳವೋ ಎರಡು ವಾರದ ಸಂಬಳವೋ ಆದೀತು. ನಮ್ಮ ಕಡೆಯವನಿಗೆ ಅದರಲ್ಲಿ ಯಾರದೋ ಬಳೆಗಳು ಸೇರಿರುತ್ತವೆ. ಒಂದೇ ಸೇರಿನಲ್ಲಿ ಅಳೆದರೂ ಬಡವನ ಕಣಜದಿಂದ ಅಳೆದ ಸೇರು ದೊಡ್ಡದು.

ಹಾಗಿರಲಿ. ಆ ವರ್ಷ ಡಿಸೆಂಬರಿನಲ್ಲಿ ನಮಗೆ 970 ಡಾಲರುಗಳ ಚೆಕ್ಕು ಬಂದಿತು. ಇವರಿಗೆ ಇನ್ನೂ ಸರಿಯಾದ ಕೆಲಸ ಸಿಕ್ಕಿರಲಿಲ್ಲ; ರಾತ್ರಿಯ ಹೊತ್ತು ಒಂದು ಉಗ್ರಾಣದಲ್ಲಿ ಪೆಟ್ಟಿಗೆಗಳನ್ನು ಎತ್ತಿಡುತ್ತಿದ್ದರು. ಹೊರಗೆ ಮಂಡಿಯುದ್ದ ಹಿಮ. ಇವರ ಬೂಟಿನ ಅಡಿ ಸೀಳಿದ್ದಿತು. ಮಗನ ಕೋಟು ಯಾರೋ ಕೊಟ್ಟದ್ದು. ಇವರು ಚೆಕ್ಕನ್ನು ಮೇಜಿನ ಮೇಲಿಟ್ಟು, "ಬೂಟು, ಕೋಟು, ಎರಡು ತಿಂಗಳ ಬಾಡಿಗೆಯಲ್ಲಿ ಒಂದು ಪಾಲು" ಎಂದು ಎಣಿಸಿದರು. ನಾನು, "ಬಳೆ" ಎಂದೆನು. ನಮ್ಮ ದಾಂಪತ್ಯದಲ್ಲಿ ನಾವು ಅಷ್ಟು ಜೋರಾಗಿ ಜಗಳವಾಡಿದ್ದು ಅದೊಂದೇ ಸಲ. ಇವರು ಹೇಳಿದ್ದರಲ್ಲಿ ಅನ್ಯಾಯವೇನೂ ಇರಲಿಲ್ಲ. ಅದೇ ನನ್ನ ಸಿಟ್ಟಿಗೆ ಕಾರಣ. ಮೂರು ದಿನ ಮಾತಿಲ್ಲ. ನಾಲ್ಕನೆಯ ದಿನ ಇವರೇ ಹೋಗಿ ಪೂರ್ತಿ ಹಣವನ್ನು ಊರಿಗೆ ಕಳುಹಿಸಿ, ಬರುವಾಗ ಸೀಳಿದ ಬೂಟಿನೊಳಕ್ಕೆ ಹಾಕಿಕೊಳ್ಳುವುದಕ್ಕೆ ಪ್ಲಾಸ್ಟಿಕ್ ಚೀಲಗಳನ್ನು ತಂದರು. ಆ ಚಳಿಗಾಲವೆಲ್ಲ ಹಾಗೆಯೇ ಕಳೆಯಿತು. ಬಡ್ಡಿ ಸಹಿತ ಬಳೆಗಳನ್ನು ಬಿಡಿಸಿಕೊಂಡೆನೆಂದು ಅಮ್ಮ ಬರೆದಳು. ಬೂಟಿನ ವಿಷಯವನ್ನು ನಾನು ಅವಳಿಗೆ ಬರೆಯಲಿಲ್ಲ.

ಮುಂದಿನದೆಲ್ಲ ಎಲ್ಲರ ಮನೆಯಲ್ಲೂ ಆಗುವಂತಹುದು: ಕೆಲಸವಾಯಿತು, ಮನೆಯಾಯಿತು, ಮಗ ದೊಡ್ಡವನಾದನು. 2019ರಲ್ಲಿ ತಂದೆಯವರು ತೀರಿಕೊಂಡರು. ತಮ್ಮನ ಕೆಲಸವು ಬೇರೆ ಊರಿನಲ್ಲಿ. ಅಮ್ಮನೊಬ್ಬಳೇ ಮೈಸೂರಿನ ಮನೆಯಲ್ಲಿ.

ತಂದೆತಾಯಿಗಳನ್ನು ಕಾಯಂ ಆಗಿ ಕರೆಸಿಕೊಳ್ಳುವುದಕ್ಕೆ ಕೆನಡಾದಲ್ಲಿ ಒಂದು ಯೋಜನೆಯಿದ್ದಿತು. ಆದರೆ ಆಸೆಪಟ್ಟವರೆಲ್ಲ ಅರ್ಜಿ ಹಾಕುವಂತಿರಲಿಲ್ಲ. ಹೆಸರನ್ನು ಕೊಟ್ಟು ಚೀಟಿ ಎತ್ತುವುದನ್ನು ಕಾಯಬೇಕಾಗಿದ್ದಿತು. 2020ರ ಅಕ್ಟೋಬರಿನಲ್ಲಿ ನಾನು ಹೆಸರು ಕೊಟ್ಟೆನು. ಪ್ರತಿವರ್ಷವೂ ಅದೇ ಪಟ್ಟಿಯಿಂದ ಚೀಟಿ ಎತ್ತಿದರು, ನಮ್ಮದು ಬರಲಿಲ್ಲ. 2024ರಲ್ಲಿ ಬಂದಿತು. ಎರಡು ತಿಂಗಳೊಳಗೆ ಅರ್ಜಿ ಸಲ್ಲಬೇಕು.

ಮೂರು ವರ್ಷದ ವರಮಾನವನ್ನು ತೋರಿಸಬೇಕು. ಅಮ್ಮನು ಅಲ್ಲಿಗೆ ಬಂದಮೇಲೆ ಇಪ್ಪತ್ತು ವರ್ಷ ಅವಳ ಅನ್ನವಸ್ತ್ರಗಳ ಭಾರವು ನನ್ನದೆಂದು ಮುಚ್ಚಳಿಕೆ ಬರೆದುಕೊಡಬೇಕು. ಅವಳೇನಾದರೂ ಸರಕಾರದ ಧರ್ಮದ ಹಣವನ್ನು ಪಡೆದರೆ ಅದನ್ನು ನಾನು ಹಿಂದಕ್ಕೆ ಕಟ್ಟಬೇಕು. ಎಪ್ಪತ್ತನಾಲ್ಕು ವರ್ಷದ ಅಮ್ಮ ಇದನ್ನು ಕೇಳಿ, "ನಾನು ತೊಂಬತ್ತು ದಾಟುತ್ತೇನೆಂದು ನಂಬಿದ್ದಾರಲ್ಲ, ಪುಣ್ಯಾತ್ಮರು!" ಎಂದು ನಕ್ಕಳು.

ಈಗ ಡ್ರಾಫ್ಟಿನ ಗೋಳಿಲ್ಲ. ಕುಳಿತಲ್ಲಿಂದಲೇ ಸರಕಾರದ ಪುಟದಲ್ಲಿ ಹಣ ಕಟ್ಟಬಹುದು, ರಶೀದಿಯು ಆ ಕ್ಷಣವೇ ಬರುತ್ತದೆ. ಆದರೆ 2020ರಿಂದ ಈ ಶುಲ್ಕಗಳು ಬೆಲೆಯೇರಿಕೆಯನ್ನನುಸರಿಸಿ ಎರಡು ವರ್ಷಕ್ಕೊಮ್ಮೆ ಏರುವಂತೆ ಕಟ್ಟಳೆಯಾಗಿದೆ. ಹಕ್ಕಿನ ಶುಲ್ಕವು ಆಗ 500, 2022ರಲ್ಲಿ 515, 2024ರ ಏಪ್ರಿಲ್ 30ರಿಂದ 575. ನಮ್ಮ ಚೀಟಿ ಬಂದದ್ದು ಆ ಏರಿಕೆಯಾದ ಕೆಲವೇ ವಾರಗಳ ತರುವಾಯ. ಸುಂಕದವನಿಗೂ ನನಗೂ ಏನೋ ಋಣಾನುಬಂಧವಿರಬೇಕು. ಜಾಮೀನಾಗಿ ನಿಲ್ಲುವ ನನ್ನ ಅರ್ಜಿಗೆ 85, ಅಮ್ಮನ ವಿಚಾರಣೆಗೆ 545, ಅವಳ ಬೆರಳಿನ ಗುರುತಿಗೆ ಇನ್ನೊಂದು 85, ಹಕ್ಕಿಗೆ 575. ಒಟ್ಟು 1,290 ಡಾಲರು.

"ಉಳಿದದ್ದನ್ನು ಕಟ್ಟು. ಆ ಹಕ್ಕಿನ ದುಡ್ಡನ್ನು ಮಾತ್ರ ಈಗ ಕಟ್ಟಬೇಡ" ಎಂದಳು ಅಮ್ಮ.

ಅದನ್ನು ಆಮೇಲೆ ಕಟ್ಟುವುದಕ್ಕೆ ಅವಕಾಶವೇನೋ ಉಂಟು. ಆದರೆ ತಡಮಾಡಿದರೆ ಕೆಲಸವೂ ತಡವಾಗುತ್ತದೆ. ಹಣದ ಮಾತಾದರೆ ನಾನು ಕಟ್ಟುತ್ತೇನಲ್ಲ ಎಂದೆನು. ಅವಳು ಸುಮ್ಮನಿದ್ದಳು. ಬಹಳ ಹೊತ್ತಿನ ಮೇಲೆ, "ದುಡ್ಡಲ್ಲ ಕಣೇ. ಅದನ್ನು ಕಟ್ಟಿದರೆ ನಾನು ಬರುತ್ತೇನೆಂದು ಒಪ್ಪಿದ ಹಾಗಾಯಿತಲ್ಲವೇ?" ಎಂದಳು. ಹಿತ್ತಲಿನ ಕರಿಬೇವಿನ ಗಿಡ, ಬಾವಿಕಟ್ಟೆ, ತಂದೆಯವರು ಕೂರುತ್ತಿದ್ದ ಬೆತ್ತದ ಕುರ್ಚಿ, ಇವುಗಳಲ್ಲಿ ಒಂದರ ಹೆಸರನ್ನೂ ಅವಳು ಎತ್ತಲಿಲ್ಲ. ಇಪ್ಪತ್ತು ವರ್ಷದ ಹಿಂದೆ ನಾನು ಹೊರಡುವಾಗ ಇಂತಹ ಪ್ರಶ್ನೆಯನ್ನು ನನ್ನನ್ನು ನಾನೇ ಕೇಳಿಕೊಂಡಿರಲಿಲ್ಲ. ಸುಂಕ ಎಷ್ಟೆಂದು ಲೆಕ್ಕಹಾಕಿದ್ದೆನೇ ಹೊರತು, ಯಾವ ಹೊಸಿಲನ್ನು ಹಿಂದೆ ಬಿಡುತ್ತೇನೆಂದು ಯೋಚಿಸಿರಲಿಲ್ಲ. ನಾನು ಬಲವಂತಮಾಡಲಿಲ್ಲ. ಮಾಡಬೇಕೆಂದು ಪ್ರತಿದಿನವೂ ಅನ್ನಿಸುತ್ತಿದ್ದುದು ನಿಜ.

ಗಡುವಿಗೆ ಒಂಬತ್ತು ದಿನವಿರುವಾಗ ತಮ್ಮನಿಂದ ಸುದ್ದಿ ಬಂದಿತು: "ಅಕ್ಕ, ಅಮ್ಮ ನಿನಗೆ ಎಂಬತ್ತು ಸಾವಿರ ಕಳುಹಿಸಲು ಹೇಳಿದಳು. ಯಾತಕ್ಕೆಂದು ಕೇಳಿದರೆ ನಿನಗೆ ಗೊತ್ತೆಂದಳು." ಡಾಲರಿಗೆ ಅರವತ್ತೊಂದು ರೂಪಾಯಿ ನಡೆಯುತ್ತಿದ್ದಿತು. ಲೆಕ್ಕಹಾಕಿದೆನು, 1,290 ಡಾಲರಿಗೆ ಸರಿಯಾಗಿ ಸ್ವಲ್ಪ ಮಿಗುತ್ತಿದ್ದಿತು.

ಆ ಸಂಜೆಯೇ ಕೂತು ನಾಲ್ಕು ಶುಲ್ಕಗಳನ್ನೂ ಕಟ್ಟಿ, ರಶೀದಿಯನ್ನು ಮೂರು ಸಲ ಓದಿ, ಅಮ್ಮನಿಗೆ ಫೋನು ಮಾಡಿದೆನು. ಅವಳಿಗೆ ಬೆಳಗಿನ ಕಾಫಿಯ ಹೊತ್ತು. ತೆರೆಯ ಮೇಲೆ ಅವಳ ಮುಖವೂ ಲೋಟವನ್ನು ಹಿಡಿದ ಬಲಗೈಯೂ ಕಂಡುವು.

"ಎಲ್ಲವನ್ನೂ ಕಟ್ಟಿದೆಯಾ?"

"ಕಟ್ಟಿದೆ."

"ಅದನ್ನೂ?"

"ಅದನ್ನೂ."

"ನಾಳೆ ನನ್ನ ಮನಸ್ಸು ಬದಲಾದರೆ ಅದೊಂದು ವಾಪಸ್ಸು ಬರುತ್ತದೆ ಅಂದಿದ್ದೆಯಲ್ಲ?"

"ಬರುತ್ತದಮ್ಮ. ನೀನು ಇಲ್ಲಿ ಇಳಿಯುವವರೆಗೂ ಬರುತ್ತದೆ."

"ಹಾಗಾದರೆ ಸರಿ" ಎಂದು ಅವಳು ಲೋಟವನ್ನು ಬಲಗೈಯಿಂದ ಎಡಗೈಗೆ ಬದಲಾಯಿಸಿಕೊಂಡಳು. ಎಡಗೈಯಲ್ಲಿ ಎರಡು ಬಳೆಗಳಿದ್ದುವು. ಬಲಗೈಯಲ್ಲಿ ಒಂದೇ ಇದ್ದಿತು.